ಪೇಜ್‌ಮೇಕರ್ ಕಾಲದ ಕಡತ ತೆರೆಯಲು ಕಂಪ್ಯೂಟರ್‌ನೊಳಗೊಂದು ಕಂಪ್ಯೂಟರ್

ಹೊಸೂರು, ತಳಿ, ಬಾಗಲೂರು ಕಡೆ ಡಿಟಿಪಿ ಅಂಗಡಿ ಇಟ್ಟವರ ಹಳೆಯ ಸಿ.ಡಿ.ಗಳಲ್ಲಿ ಏನೇನೋ ಇರುತ್ತದೆ: ಲಗ್ನಪತ್ರಿಕೆ, ಚಂದ್ರಚೂಡೇಶ್ವರನ ತೇರಿನ ಕರಪತ್ರ. ಎಲ್ಲಾ ಪೇಜ್‌ಮೇಕರ್, ನುಡಿ ಫಾಂಟ್. ಹೊಸ ಕಂಪ್ಯೂಟರ್‌ನಲ್ಲಿ ತೆರೆಯಹೋದರೆ ಆಗದು. ಪೇಜ್‌ಮೇಕರ್ 2001ರ 7ನೇ ಆವೃತ್ತಿಗೇ ನಿಂತಿತು. ಇನ್‌ಡಿಸೈನ್ ಕೂಡ ಸಿಎಸ್6ರ ನಂತರ ಆ ಕಡತಗಳನ್ನು ಮುಟ್ಟುವುದಿಲ್ಲ. ಬರೀ ಪಠ್ಯ ಸಾಕು, ಅದನ್ನು ಬೇರೆಡೆಗೆ ನಕಲು ಮಾಡಿಕೊಂಡಿದ್ದೂ ಇದೆ ಎಂದರೆ ನುಡಿಯ ಯೂನಿಕೋಡ್ ಪರಿವರ್ತಕವೇ ಆದೀತು. ಪುಟದ ವಿನ್ಯಾಸವೂ ಬೇಕೆಂದರೆ ವರ್ಚುವಲ್ ಮಷೀನ್, ಅಂದರೆ ಕಂಪ್ಯೂಟರ್‌ನೊಳಗೇ ಓಡುವ ಇನ್ನೊಂದು ಕಂಪ್ಯೂಟರ್, ಒಳ್ಳೆಯ ದಾರಿ.

ಮೊದಲು ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್‌ನಲ್ಲಿ ಸಿಪಿಯು ಒತ್ತಿ. ‘ವರ್ಚುವಲೈಸೇಷನ್: ಎನೇಬಲ್ಡ್’ ಎಂದಿರಬೇಕು. ಇಲ್ಲವೆಂದರೆ ಕಂಪ್ಯೂಟರ್ ಶುರುವಾಗುವಾಗ ಎಫ್2 ಅಥವಾ ಡಿಲೀಟ್ ಒತ್ತಿ ಬಯಾಸ್‌ಗೆ ಹೋಗಿ, ಇಂಟೆಲ್ ಆದರೆ ವಿಟಿ-ಎಕ್ಸ್, ಎಎಂಡಿ ಆದರೆ ಎಸ್‌ವಿಎಂ ಆನ್ ಮಾಡಿ. ಹೆಚ್ಚಿನವರು ಎಡವುವುದು ಇಲ್ಲೇ.

ವರ್ಚುವಲ್ ಮಷೀನ್ ಮಾಡಿಕೊಡುವ ವರ್ಚುವಲ್‌ಬಾಕ್ಸ್ ತಂತ್ರಾಂಶ ಉಚಿತ. ಅದರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. ‘ನ್ಯೂ’ ಒತ್ತಿ, ಪೇಜ್‌ಮೇಕರ್ ಓಡುವ ವಿಂಡೋಸ್ ಎಕ್ಸ್‌ಪಿ 32-ಬಿಟ್ ಆರಿಸಿ, 1024 ಎಂಬಿ ಮೆಮೊರಿ, 20 ಜಿಬಿ ಡಿಸ್ಕ್ ಕೊಡಿ. ಬೇಕಾದಷ್ಟೇ ಜಾಗ ಹಿಡಿಯುವ ಡೈನಮಿಕ್ ಡಿಸ್ಕ್ ಸಾಕು. ಎಕ್ಸ್‌ಪಿ ನಿಮ್ಮದೇ ಸಿ.ಡಿ.ಯಿಂದ ಹಾಕಿ. ಹಳೆಯ ಕಂಪ್ಯೂಟರ್ ಜೊತೆ ಬಂದ ಲೈಸೆನ್ಸ್ ಸಾಮಾನ್ಯವಾಗಿ ಆ ಯಂತ್ರಕ್ಕೇ ಸೀಮಿತ. ಬಿಡಿಯಾಗಿ ಕೊಂಡಿದ್ದು ಇದ್ದರೆ ಲೇಸು.

ಆ ಮಷೀನಿನ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ‘ನಾಟ್ ಅಟ್ಯಾಚ್ಡ್’ ಇಡಿ. 2014ರ ಏಪ್ರಿಲ್ 8ರಂದೇ ಎಕ್ಸ್‌ಪಿಗೆ ಮೈಕ್ರೋಸಾಫ್ಟ್‌ನ ಬೆಂಬಲ ಮುಗಿದಿದೆ. ಅದನ್ನು ಇಂಟರ್‌ನೆಟ್‌ಗೆ ಬಿಡುವುದು ಬಾಗಿಲು ತೆರೆದಿಟ್ಟು ಊರಿಗೆ ಹೋದ ಹಾಗೆ.

ಎಕ್ಸ್‌ಪಿಯೊಳಗೆ ವರ್ಚುವಲ್‌ಬಾಕ್ಸ್‌ನ ಗೆಸ್ಟ್ ಅಡಿಷನ್ಸ್ ಹಾಕಿ, ಹೊರಗಿನ ಕಂಪ್ಯೂಟರ್ ಜೊತೆ ಹಂಚಿಕೊಳ್ಳುವ ಶೇರ್ಡ್ ಫೋಲ್ಡರ್ ಮಾಡಿ, ಕಡತಗಳನ್ನೆಲ್ಲ ಅಲ್ಲಿಡಿ. ನುಡಿ, ಪೇಜ್‌ಮೇಕರ್ ಹಾಕಿಯಾದ ಮೇಲೆ ಒಂದು ಸ್ನ್ಯಾಪ್‌ಶಾಟ್. ಎಡವಟ್ಟಾದರೆ ಅಲ್ಲಿಗೆ ಮರಳಬಹುದು. ಆದರೆ ಮರಳಿದಾಗ, ನಂತರ ಎಕ್ಸ್‌ಪಿಯೊಳಗೆ ಉಳಿಸಿದ್ದೆಲ್ಲ ಹೋಗುತ್ತದೆ. ಶೇರ್ಡ್ ಫೋಲ್ಡರ್ ಮಾತ್ರ ಹಾಗೇ ಉಳಿಯುತ್ತದೆ. ಕನ್ನಡದ ಬದಲು ಸೊಟ್ಟ ಚಿಹ್ನೆಗಳು ಕಂಡರೆ ಕಡತ ಕೆಟ್ಟಿದೆ ಎಂದುಕೊಳ್ಳಬೇಡಿ, ನುಡಿ ಫಾಂಟ್ ಬಿಟ್ಟುಹೋಗಿದೆಯೇ ನೋಡಿ.

ಮೌಸ್ ಎಕ್ಸ್‌ಪಿಯೊಳಗೇ ಸಿಕ್ಕಿಕೊಂಡರೆ ಬಲಗಡೆಯ ಕಂಟ್ರೋಲ್ ಕೀ ಒತ್ತಿ.

ಕೆಲಸ ಮುಗಿದ ಮೇಲೆ ಎಕ್ಸ್‌ಪಿಯನ್ನು ಪೂರ್ತಿ ಆಫ್ ಮಾಡಿ, ಆ ಮಷೀನಿನ ಫೋಲ್ಡರನ್ನು ಹೊರಗಿನ ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿಡಿ. ಮುಂದೆ ಕಂಪ್ಯೂಟರ್ ಬದಲಾದರೂ ವರ್ಚುವಲ್‌ಬಾಕ್ಸ್ ಹಾಕಿ ‘ಆ್ಯಡ್’ ಒತ್ತಿದರೆ ಸಾಕು.