ಇಲಿಯಿಂದ ಬರುವ ಜ್ವರ: ಹೋಟೆಲ್ ಮಾಲೀಕರ ಗಮನಕ್ಕೆ

ಪುಣೆ ನಗರಕ್ಕೆ ಇಲಿಯ ಪಾಠ ಹೊಸದಲ್ಲ. 1897ರ ಪ್ಲೇಗಿನಲ್ಲಿ ಜನ ಊರು ಬಿಟ್ಟು ಓಡಿದರು. ರೋಗಿಗಳ ಸೇವೆಯಲ್ಲಿದ್ದ ಸಾವಿತ್ರಿಬಾಯಿ ಫುಲೆಯವರು ಆ ವರ್ಷ ಮಾರ್ಚ್ 10ರಂದು ಅದೇ ರೋಗಕ್ಕೆ ಬಲಿಯಾದರು. ಪ್ಲೇಗ್ ಅಧಿಕಾರಿ ರ್‍ಯಾಂಡ್‌ನ ಸೈನಿಕರು ಮನೆ ಮನೆ ಹೊಕ್ಕು ತಪಾಸಣೆ ಮಾಡಿದರು. ಆದರೆ ರೋಗ ಹರಡುವ ದಾರಿ ಆಗ ಯಾರಿಗೂ ಖಚಿತವಾಗಿ ತಿಳಿದಿರಲಿಲ್ಲ. ಇಲಿಯ ಮೈಮೇಲಿನ ಚಿಗಟವೇ ಅದನ್ನು ಸಾಗಿಸುತ್ತದೆಂದು ಫ್ರೆಂಚ್ ವೈದ್ಯ ಪಾಲ್-ಲೂಯಿ ಸಿಮೊಂಡ್ ಕರಾಚಿಯಲ್ಲಿ ಕಂಡುಕೊಂಡದ್ದು 1898ರಲ್ಲಿ.

ಇಂದು ನಾವು ಹೆಚ್ಚು ಅಂಜಬೇಕಾದದ್ದು ಲೆಪ್ಟೊಸ್ಪೈರೋಸಿಸ್‌ಗೆ. ನಮ್ಮೂರ ಕಡೆ ಇದೇ 'ಇಲಿ ಜ್ವರ'. 2005ರ ಜುಲೈ 26ರ ಮಹಾಮಳೆಯ ನಂತರ ಮುಂಬಯಿಯಲ್ಲಿ ಇದು ಹರಡಿ ಅನೇಕರು ಜೀವ ಕಳೆದುಕೊಂಡರು. ಇಲಿಯ ಮೂತ್ರದಲ್ಲಿರುವ ರೋಗಾಣು ನಿಂತ ನೀರಿನಲ್ಲಿ ಉಳಿದು, ಕೈಕಾಲಿನ ಗಾಯದ ಮೂಲಕ ದೇಹ ಸೇರುತ್ತದೆ. ಇಲಿಗೆ ಮಾತ್ರ ಏನೂ ಆದಂತೆ ಕಾಣುವುದಿಲ್ಲ. ಹೋಟೆಲಿನಲ್ಲಿ ಹೆಚ್ಚು ಅಪಾಯ ಯಾರಿಗೆ? ಬರಿಗಾಲಲ್ಲಿ ನಿಂತು ಪಾತ್ರೆ ತೊಳೆಯುವ, ಮೋರಿ ಸ್ವಚ್ಛ ಮಾಡುವ ಹುಡುಗರಿಗೆ. ಇಲಿಯ ಹಿಕ್ಕೆ ಬಿದ್ದ ಆಹಾರದಿಂದ ಗಿರಾಕಿಗಳಿಗೆ ಸಾಲ್ಮೊನೆಲ್ಲಾ ಸೋಂಕು ತಗಲಿ ವಾಂತಿಭೇದಿಯಾಗಬಹುದು. ಬೇಯಿಸದೆ ಬಡಿಸುವ ಚಟ್ನಿ, ಕೋಸಂಬರಿಗಳಲ್ಲಿ ಈ ಭಯ ಜಾಸ್ತಿ.

ಮಾಲೀಕರು ಮಾಡಬೇಕಾದದ್ದು:

1. ಪೆನ್ಸಿಲ್ ದಪ್ಪದ ಸಂದಿನಲ್ಲೂ ಚಿಕ್ಕ ಇಲಿ ನುಸುಳುತ್ತದೆ. ಬಿಲಗಳನ್ನು ಸಿಮೆಂಟಿನಿಂದ ಮುಚ್ಚಿಸಿ; ಮೋರಿಯ ಬಾಯಿಗೆ ಕಬ್ಬಿಣದ ಜಾಲರಿ ಹಾಕಿಸಿ.

2. ಅಕ್ಕಿ, ಬೇಳೆ ಮೂಟೆಗಳನ್ನು ನೆಲಕ್ಕಿಡದೆ ಹಲಗೆಯ ಮೇಲೆ, ಗೋಡೆಯಿಂದ ದೂರವಿಡಿ. ರಾತ್ರಿ ಹಿಟ್ಟಿನ ಪಾತ್ರೆಗೆ ಭದ್ರವಾದ ಮುಚ್ಚಳವಿರಲಿ. ಎಂಜಲು, ಕಸ ಒಳಗೆ ಉಳಿಯಬಾರದು.

3. ಹಿಕ್ಕೆಯನ್ನು ಒಣಗಿದಂತೆಯೇ ಗುಡಿಸಬೇಡಿ. ಬ್ಲೀಚಿಂಗ್ ಪುಡಿಯ ನೀರು ಹಾಕಿ ನೆನೆಸಿ, ಕೈಗವಸು ತೊಟ್ಟು ತೆಗೆಯಿರಿ. ಸತ್ತ ಇಲಿಯನ್ನು ಬರಿಗೈಯಲ್ಲಿ ಮುಟ್ಟಬಾರದು.

4. ಅಡುಗೆಮನೆಯಲ್ಲಿ ವಿಷವಿಡಬೇಡಿ, ಬೋನು ಇಡಿ.

5. ತೊಳೆಯುವ ಹುಡುಗರಿಗೆ ರಬ್ಬರ್ ಬೂಟು ಕೊಡಿಸಿ. ಗಾಯವಿದ್ದರೆ ಆ ಕೆಲಸ ಬೇಡ.

ಆಹಾರ ಸುರಕ್ಷತಾ ಕಾಯ್ದೆಯ ನಿಯಮಗಳ 4ನೇ ಪರಿಶಿಷ್ಟದ ಪ್ರಕಾರವೂ ಕೀಟ, ಇಲಿಗಳ ನಿಯಂತ್ರಣ ನಮ್ಮದೇ ಹೊಣೆ.

ಕೆಲಸದವರಿಗೆ ಜ್ವರ, ತಲೆನೋವು, ಮೀನಖಂಡದಲ್ಲಿ ನೋವು, ಕೆಂಗಣ್ಣು ಕಂಡರೆ ಮಾತ್ರೆ ಕೊಟ್ಟು ರೂಮಿನಲ್ಲಿ ಮಲಗಿಸಬೇಡಿ. ಆಸ್ಪತ್ರೆಗೆ ಕರೆದೊಯ್ದು, ಇಲಿಗಳ ಓಡಾಟವಿರುವ ಜಾಗದಲ್ಲಿ, ಕೊಳೆ ನೀರಿನಲ್ಲಿ ಕೆಲಸವೆಂದು ವೈದ್ಯರಿಗೆ ತಿಳಿಸಿ. ಬೇಗ ಹೋದರೆ ಸಾಮಾನ್ಯ ಆಂಟಿಬಯೋಟಿಕ್‌ನಲ್ಲೇ ಗುಣವಾಗುತ್ತದೆ. ತಡವಾದರೆ ಕಾಮಾಲೆಯಾಗಿ ಮೂತ್ರಪಿಂಡ ಕೆಡಬಹುದು. ಊರು ಬಿಟ್ಟು ನಮ್ಮನ್ನು ನಂಬಿ ಬಂದ ಹುಡುಗರಿಗೆ ಇಲ್ಲಿ ನಾವೇ ಮನೆಯವರು.