ಒಂದು ಅಕ್ಷರದ ದೋಷ

ತಂತ್ರಾಂಶವನ್ನು ರಚಿಸುವುದು ಒಂದು ಕೆಲಸ. ಅದು ಎಲ್ಲ ಬಗೆಯ ಗಣಕಗಳಲ್ಲಿಯೂ ನಡೆಯುವಂತೆ ಮಾಡುವುದು ಇನ್ನೊಂದು. ಬೆಂಗಳೂರಿನ ಅಂಜನಾಪುರದ ಯುವಕನೊಬ್ಬನು ಹಳ್ಳಿಯ ಶಾಲೆಯೊಂದಕ್ಕಾಗಿ ಕನ್ನಡ ನಿಘಂಟಿನ ತಂತ್ರಾಂಶವನ್ನು ಸಿದ್ಧಪಡಿಸಿದನೆಂದು ಭಾವಿಸೋಣ. ಅವನ ವಿಂಡೋಸ್ ಗಣಕದಲ್ಲಿ ಅದು ಸರಾಗವಾಗಿ ನಡೆಯಿತು. ಶಾಲೆಯ ಲಿನಕ್ಸ್ ಗಣಕದಲ್ಲಿ ‘ಕಡತ ದೊರೆಯಲಿಲ್ಲ’ ಎಂದು ತಿಳಿಸಿ ನಿಂತುಹೋಯಿತು. ಕಾದಿದ್ದ ಮಕ್ಕಳು ನಿರಾಶರಾದರು.

ಯುವಕನು ಶಾಲೆಯ ಗಣಕವನ್ನು ದೂರಲಿಲ್ಲ. ಹಲವು ದೋಷಸೂಚನೆಗಳಲ್ಲಿ ಮೊದಲನೆಯದನ್ನು ಗಮನವಿಟ್ಟು ಓದಿದನು. ಕಡತದ ಇಂಗ್ಲಿಷ್ ಹೆಸರು ಸಣ್ಣಕ್ಷರದಿಂದ ಆರಂಭವಾಗಿತ್ತು. ತಂತ್ರಾಂಶದೊಳಗೆ ಅದೇ ಹೆಸರನ್ನು ದೊಡ್ಡಕ್ಷರದಿಂದ ಬರೆದಿದ್ದನು. ವಿಂಡೋಸ್ ಸಾಮಾನ್ಯವಾಗಿ ಈ ಭೇದವನ್ನು ಎಣಿಸುವುದಿಲ್ಲ, ಲಿನಕ್ಸ್ ಎಣಿಸುತ್ತದೆ. ಆ ಒಂದು ಅಕ್ಷರವನ್ನು ತಿದ್ದಿದೊಡನೆ ತಂತ್ರಾಂಶ ತೆರೆಯಿತು.

ಆದರೆ ಪದಗಳ ಸ್ಥಾನದಲ್ಲಿ ಬರಿಯ ಚೌಕಗಳು ಕಂಡವು! 1991ರಲ್ಲಿ ಯೂನಿಕೋಡ್ ವ್ಯವಸ್ಥೆಯು ಕನ್ನಡದ ಅಕ್ಷರಗಳಿಗೆ ನಿಶ್ಚಿತ ಸಂಖ್ಯೆಗಳನ್ನು ನೀಡಿತು. ‘ಕ’ ಅಕ್ಷರದ ಸಂಖ್ಯೆ 3221. ಸಂಖ್ಯೆಯು ಅಕ್ಷರ ಯಾವುದೆಂದು ಹೇಳುತ್ತದೆ. ಅದಕ್ಕೆ ರೂಪ ಕೊಡುವುದು ಫಾಂಟ್. ಶಾಲೆಯ ಗಣಕದಲ್ಲಿ ಕನ್ನಡದ ಫಾಂಟ್ ಇರಲಿಲ್ಲ. ಯುವಕನು ಮುಕ್ತವಾಗಿ ಹಂಚಬಹುದಾದ ಫಾಂಟೊಂದನ್ನು ತಂತ್ರಾಂಶದೊಡನೆಯೇ ಸೇರಿಸಿದನು; ಬಳಿಕ ಅದನ್ನು ಹೊಸದಾದ ಬೇರೊಂದು ಗಣಕದಲ್ಲಿ ಪರೀಕ್ಷಿಸಿಯೇ ಕಳುಹಿಸಿದನು.

ಮಕ್ಕಳ ಮುಂದೆ ಕನ್ನಡದ ಪದಗಳು ಮೂಡಿದವು. ತನ್ನ ಮನೆಯಲ್ಲಿ ಇರುವುದೆಲ್ಲವೂ ಪರರ ಮನೆಯಲ್ಲಿಯೂ ಇರುವುದೆಂದು ಎಣಿಸಬಾರದು. ದೋಷವನ್ನು ಒಂದೊಂದಾಗಿ ಅರಸಿದರೆ ಅದು ತಾನಾಗಿಯೇ ತನ್ನ ಮೂಲವನ್ನು ತೋರಿಸುತ್ತದೆ.