ಮತಗಟ್ಟೆಗೆ ಹೋಗಿ, ಮಂಡಿ ಮಾತ್ರ ಊರಬೇಡಿ

ಮಕ್ಕಳೇ, ಚುನಾವಣೆ ಹತ್ತಿರ ಬಂದಾಗಲೆಲ್ಲ ನಮ್ಮ ಯೌವನಸ್ಥರ ಕೂಟಗಳಲ್ಲಿ ಒಂದು ಮಾತು ಏಳುತ್ತದೆ. ನಮ್ಮ ಅರಸ ಕ್ರಿಸ್ತನೊಬ್ಬನೇ, ನಮ್ಮ ಪೌರತ್ವ ಇರುವುದು ಪರಲೋಕದಲ್ಲಿ, ಹಾಗಿದ್ದ ಮೇಲೆ ಈ ಲೋಕದ ಚುನಾವಣೆಯ ಗೊಡವೆ ನಮಗೇಕೆ ಎಂದು. ಹೀಗೆ ಕೇಳುವವರು ದೇವರಿಗೆ ನಿಜವಾಗಿ ಭಯಪಡುವ ಮಕ್ಕಳು ಎಂಬುದನ್ನು ಬಲ್ಲೆ. ರಜೆ ಸಿಕ್ಕಿತೆಂದು ಮತದಾನದ ದಿನ ಗೋಕರ್ಣಕ್ಕೋ ಮಡಿಕೇರಿಗೋ ಹೊರಡುವವರಿಗೆ ಬೇರೆಯೇ ಮಾತು ಹೇಳಬೇಕಾಗುತ್ತದೆ. ಪ್ರಾರ್ಥನೆ ಮಾಡಿ, ಯೋಚಿಸಿ ಕೇಳುವ ನಿಮಗೆ ಸರಿಯಾದ ಉತ್ತರ ಕೊಡುವುದು ಹಿರಿಯರಾದ ನಮ್ಮ ಹೊಣೆ.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಮತ ಹಾಕಿ. ದೇವರೇ ಮೊದಲು ಎನ್ನುವವರ ಮತ ಯಾರ ಹೆದರಿಕೆಗೂ ಬಗ್ಗಬೇಕಾಗಿಲ್ಲ, ಯಾರ ಹಣಕ್ಕೂ ಬೀಳಬೇಕಾಗಿಲ್ಲ, ಯಾವ ನಾಯಕನನ್ನೂ ರಕ್ಷಕನೆಂದು ನಂಬಬೇಕಾಗಿಲ್ಲ. ಅಂಥ ಮತ ಈ ನಾಡಿಗೆ ಬೇಕು.

ಪರಲೋಕದ ಪೌರತ್ವದ ಮಾತನ್ನು ಪೌಲನು ಬರೆದದ್ದು ಫಿಲಿಪ್ಪಿಯ ಸಭೆಗೆ. ಅದೇ ಫಿಲಿಪ್ಪಿಯಲ್ಲಿ ಅವನಿಗೆ ಏನಾಯಿತು ಎಂಬುದನ್ನು ಅಪೊಸ್ತಲರ ಕೃತ್ಯಗಳ 16ನೆಯ ಅಧ್ಯಾಯದಲ್ಲಿ ಓದಿ. ವಿಚಾರಣೆಯೇ ಇಲ್ಲದೆ ಅವನನ್ನೂ ಸೀಲನನ್ನೂ ಜನರ ಮುಂದೆ ಹೊಡೆಸಿದರು. ಸೆರೆಮನೆಯ ಒಳಕೋಣೆಗೆ ತಳ್ಳಿ ಕಾಲಿಗೆ ಕೋಳ ಹಾಕಿದರು. ನಡುರಾತ್ರಿಯ ಹಾಡು, ಭೂಕಂಪ, ಸೆರೆಯ ಯಜಮಾನನ ಮನೆಮಂದಿಯ ದೀಕ್ಷಾಸ್ನಾನ, ಇದನ್ನೆಲ್ಲ ಸಂಡೇ ಸ್ಕೂಲಿನಲ್ಲೇ ಕಲಿತಿದ್ದೀರಿ. ಬೆಳಗಾದ ಮೇಲೆ ನಡೆದದ್ದನ್ನು ಮಾತ್ರ ನಾವು ಬೇಗಬೇಗನೆ ಓದಿ ಮುಗಿಸುತ್ತೇವೆ. ಅಧಿಕಾರಿಗಳು ಪೇದೆಗಳನ್ನು ಕಳಿಸಿ, ಬಿಡುಗಡೆಯಾಗಿದೆ, ಸದ್ದಿಲ್ಲದೆ ಹೋಗಿ ಎಂದರು. ಪೌಲ ಹೋಗಲಿಲ್ಲ. ನಾವು ರೋಮಿನ ಪೌರರು, ತೀರ್ಪಿಲ್ಲದೆ ನಮ್ಮನ್ನು ಬಹಿರಂಗವಾಗಿ ಹೊಡೆಸಿದ್ದಾರೆ, ಈಗ ಅವರೇ ಬಂದು ಹೊರಗೆ ಕರೆದುಕೊಂಡು ಹೋಗಲಿ ಎಂದು ಕೂತ. ಅಧಿಕಾರಿಗಳು ಹೆದರಿ ತಾವೇ ಬಂದು ಬೇಡಿಕೊಂಡರು.

ಪೌಲನಿಗೆ ತನ್ನ ಮಾನದ ಚಿಂತೆಯಿತ್ತು ಎಂದು ನನಗನ್ನಿಸುವುದಿಲ್ಲ. ಅವನು ಮುಂದಿನ ಊರಿಗೆ ಹೋಗುವವನು, ಲುದ್ಯಳ ಮನೆಯಲ್ಲಿ ಕೂಡುತ್ತಿದ್ದ ಹೊಸ ವಿಶ್ವಾಸಿಗಳು ಅಲ್ಲೇ ಬಾಳಬೇಕಾದವರು. ಪೌಲ ಸದ್ದಿಲ್ಲದೆ ಜಾಗ ಖಾಲಿ ಮಾಡಿದ್ದರೆ ಊರಿನವರ ಕಣ್ಣಿಗೆ ಅವರು ಅಪರಾಧಿಯ ಶಿಷ್ಯರಾಗಿ ಉಳಿಯುತ್ತಿದ್ದರು. ಹಿಂದೆ ಉಳಿಯುವವರಿಗಾಗಿ ಅವನು ತನ್ನ ಈ ಲೋಕದ ಪೌರತ್ವವನ್ನು ಬಳಸಿದ. ಮುಂದೆ ದೇಶಾಧಿಪತಿ ಫೆಸ್ತನ ಎದುರು ನಿಂತು ಕೈಸರನಿಗೇ ಮೊರೆಯಿಟ್ಟದ್ದೂ ಇದೇ ಹಕ್ಕಿನಿಂದ. ಪರಲೋಕದ ಪ್ರಜೆ ಎನಿಸಿಕೊಂಡವನು ಈ ಲೋಕದ ಹಕ್ಕನ್ನು ಕಸವೆಂದು ಎಸೆಯಲಿಲ್ಲ.

ಕೈಸರನದನ್ನು ಕೈಸರನಿಗೆ ಕೊಡಿ ಎಂದು ಯೇಸು ಹೇಳಿದ ನಾಣ್ಯದ ಪ್ರಸಂಗವನ್ನೂ ಇದೇ ಬೆಳಕಿನಲ್ಲಿ ಯೋಚಿಸಿ. ಪೌಲನಿಗೆ ಕೈಸರನನ್ನು ಆರಿಸುವ ಅವಕಾಶವಿರಲಿಲ್ಲ. ತೆರಿಗೆ ಕೊಟ್ಟು, ಕಾನೂನಿಗೆ ತಲೆಬಾಗಿ, ಪ್ರಾರ್ಥಿಸುವುದಷ್ಟೇ ಅವನ ಕೈಯಲ್ಲಿತ್ತು. ನಮ್ಮ ಸಂವಿಧಾನದ 326ನೆಯ ವಿಧಿ ವಯಸ್ಕರಾದ ಎಲ್ಲರಿಗೂ ಮತ ಕೊಟ್ಟಿತು. 61ನೆಯ ತಿದ್ದುಪಡಿ ಬಂದ ಮೇಲೆ, 1989ರಿಂದ, 21ರ ಬದಲು 18 ತುಂಬಿದವರಿಗೇ ಆ ಹಕ್ಕು ಬಂದಿದೆ. ರಾಜ್ಯಕ್ಕೆ ನಾವು ಸಲ್ಲಿಸಬೇಕಾದದ್ದರಲ್ಲಿ ಈಗ ತೆರಿಗೆಯ ಜೊತೆಗೆ ನಮ್ಮ ವಿವೇಕವೂ ಸೇರಿದೆ.

ಆದರೂ ಮನಸ್ಸಾಕ್ಷಿಗಾಗಿ ಮತದಿಂದ ದೂರ ಉಳಿಯುವವರನ್ನು ಹೀಯಾಳಿಸಬೇಡಿ. ಯೆಹೋವನ ಸಾಕ್ಷಿಗಳು ಮತ ಹಾಕುವುದಿಲ್ಲ, ರಾಷ್ಟ್ರಗೀತೆ ಹಾಡುವುದಿಲ್ಲ. ಕೇರಳದಲ್ಲಿ ಆ ಪಂಥದ ಮೂವರು ಮಕ್ಕಳು ಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. 1985ರಲ್ಲಿ ಅವರನ್ನು ಶಾಲೆಯಿಂದ ಹೊರಗೆ ಹಾಕಿದರು. 1986ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಅವರನ್ನು ಮರಳಿ ಶಾಲೆಗೆ ಸೇರಿಸಿಕೊಳ್ಳುವಂತೆ ಹೇಳಿತು. ಆ ಮಕ್ಕಳ ಧೈರ್ಯಕ್ಕೆ ನನ್ನ ಗೌರವವಿದೆ. ಆದರೆ ಅವರನ್ನು ಕಾಪಾಡಿದ ಸಂವಿಧಾನ ತಾನಾಗಿ ಆಕಾಶದಿಂದ ಇಳಿದದ್ದಲ್ಲ, ಸಭೆಯಲ್ಲಿ ಕೂತು ವಾದಿಸಿ ಮತ ಚಲಾಯಿಸಿದವರು ಮಾಡಿದ್ದು.

ಆ ಸಭೆಯಲ್ಲಿ ನಮ್ಮವರೂ ಇದ್ದರು. ಮಂಗಳೂರಿನಲ್ಲಿ ಹುಟ್ಟಿದ ಜೆಸ್ವಿಟ್ ಪಾದ್ರಿ ಜೆರೋಮ್ ಡಿಸೋಜ ಇದ್ದರು. ಸಂವಿಧಾನ ಸಭೆಯ ಉಪಾಧ್ಯಕ್ಷರಾಗಿದ್ದ ಎಚ್. ಸಿ. ಮುಖರ್ಜಿಯವರೂ ಕ್ರೈಸ್ತರೇ. ಧಾರ್ಮಿಕ ಅಲ್ಪಸಂಖ್ಯಾತರಿಗೆ ಶಾಸನಸಭೆಗಳಲ್ಲಿ ಮೀಸಲು ಸ್ಥಾನ ಬೇಡ ಎಂಬ ನಿರ್ಧಾರ 1949ರಲ್ಲಿ ಆದಾಗ ಮುಖರ್ಜಿಯವರು ಅದರ ಪರವಾಗಿ ನಿಂತರು. ನೆರೆಹೊರೆಯವರ ಮೇಲೆ ಅವರಿಟ್ಟ ಭರವಸೆ ಅದು. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ನಾವು ನೂರಕ್ಕೆ ಇಬ್ಬರೂ ಇಲ್ಲ, 1.87 ಮಾತ್ರ. ಆದರೂ ಉಡುಪಿ ಕ್ಷೇತ್ರ ಆಸ್ಕರ್ ಫರ್ನಾಂಡಿಸ್ ಅವರನ್ನು 1980ರಿಂದ ಐದು ಸಲ ಲೋಕಸಭೆಗೆ ಕಳಿಸಿತು. ಪಾದ್ರಿಯಾಗಲೆಂದು ಸೆಮಿನರಿ ಸೇರಿ ಹೊರಬಂದ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಅವರನ್ನು, ಜೈಲಿನಲ್ಲಿದ್ದಾಗಲೇ, ದೂರದ ಬಿಹಾರದ ಮುಜಫ್ಫರಪುರದ ಜನ 1977ರಲ್ಲಿ ಭಾರೀ ಅಂತರದಿಂದ ಗೆಲ್ಲಿಸಿದರು. ಅವರ ಪಕ್ಷ, ರಾಜಕೀಯ ನಿಮಗೆ ಒಪ್ಪಿಗೆಯಾಗದಿರಬಹುದು. ಮತ ಹಾಕಿದ ಆ ಲಕ್ಷಾಂತರ ಜನ ದೀಕ್ಷಾಸ್ನಾನದ ಸರ್ಟಿಫಿಕೇಟು ಕೇಳಲಿಲ್ಲ ಎಂಬುದನ್ನು ಮಾತ್ರ ನೆನಪಿಡಿ. ನೀವೂ ಅಭ್ಯರ್ಥಿಯ ಹೆಸರಿನಲ್ಲಿ ಡಿಸೋಜ ಇದೆಯೋ ಶೆಟ್ಟಿ ಇದೆಯೋ ಎಂದು ನೋಡಿ ಗುಂಡಿ ಒತ್ತಬೇಡಿ. ಅಭ್ಯರ್ಥಿಗಳು ಸಲ್ಲಿಸಿದ ಪ್ರಮಾಣಪತ್ರದಲ್ಲಿ ಅವರ ಆಸ್ತಿ, ಸಾಲ, ಮೊಕದ್ದಮೆಗಳ ವಿವರವಿರುತ್ತದೆ, ಓದಿ. ವಿಧವೆ, ಅನಾಥ, ಪರದೇಶಿ ಈ ಮೂವರ ಬಗ್ಗೆ ಪ್ರವಾದಿಗಳು ಎಷ್ಟು ಸಲ ಮಾತಾಡಿದ್ದಾರೋ ನೋಡಿ, ಅಂಥವರ ಬಗ್ಗೆ ನಿಮ್ಮ ಅಭ್ಯರ್ಥಿ ಏನು ಮಾತಾಡುತ್ತಾರೆ ಎಂದು ಕಿವಿಗೊಟ್ಟು ಕೇಳಿ. ನಮ್ಮ ದಲಿತ ಸಹೋದರರು ಕ್ರೈಸ್ತರಾದ ಮಾತ್ರಕ್ಕೆ 1950ರ ಆದೇಶದಿಂದಾಗಿ ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗುಳಿದಿದ್ದಾರೆ. ಅದರ ಬಗ್ಗೆ ಕೇಳುವುದೂ ನ್ಯಾಯವೇ. ಯಾರೂ ಯೋಗ್ಯರಲ್ಲ ಎಂದು ಮನಸ್ಸಿಗೆ ಗಟ್ಟಿಯಾದರೆ 2013ರಿಂದ ನೋಟಾ ಇದೆ.

ಇನ್ನು ಹಣದ ಮಾತು. ಇದನ್ನು ಬಿಡಿಸಿ ಹೇಳಲೇಬೇಕು. ಮತದಾನಕ್ಕೆ ಎರಡು ದಿನವಿರುವಾಗ, ರಾತ್ರಿ ಊಟದ ಹೊತ್ತು ದಾಟಿದ ಮೇಲೆ ಬಾಗಿಲು ಬಡಿಯುತ್ತಾರೆ. ಪರಿಚಯದವರೇ ಇರುತ್ತಾರೆ, ಅಮ್ಮಾ, ಅಕ್ಕಾ ಎಂದೇ ಮಾತು. ಮನೆಯಲ್ಲಿ ಎಷ್ಟು ಓಟು ಎಂದು ಚೀಟಿ ನೋಡಿ ಎಣಿಸಿ ಲಕೋಟೆ ಕೊಡುತ್ತಾರೆ. ಕೊಟ್ಟ ಮೇಲೆ, ಮೇಜಿನ ಮೇಲಿನ ಬೈಬಲ್ ಮುಟ್ಟಿ ಆಣೆ ಮಾಡಿ ಎನ್ನುತ್ತಾರೆ. ದೇವರ ವಾಕ್ಯವನ್ನು ಲಂಚಕ್ಕೆ ಸಾಕ್ಷಿ ಮಾಡುವ ಈ ಪದ್ಧತಿಯಷ್ಟು ನನ್ನನ್ನು ನೋಯಿಸುವುದು ಬೇರೊಂದಿಲ್ಲ. ಮತಕ್ಕಾಗಿ ಕೊಡುವುದು ಅಪರಾಧವಾದಂತೆ ತೆಗೆದುಕೊಳ್ಳುವುದೂ ಅಪರಾಧ. ತೆಗೆದುಕೊಳ್ಳಬೇಡಿ.

ಬಡತನಕ್ಕೋ ಹೆದರಿಕೆಗೋ ಮನೆಯಲ್ಲಿ ಯಾರಾದರೂ ತೆಗೆದುಕೊಂಡು ಆಣೆಯನ್ನೂ ಮಾಡಿದ್ದರೆ? ಆಣೆ ಮುರಿದರೆ ದೇವರು ಶಿಕ್ಷಿಸುತ್ತಾನೆ ಎಂದು ನಡುಗುವ ಅಜ್ಜಿಯರು ನಮ್ಮ ಸಭೆಗಳಲ್ಲಿ ಇದ್ದಾರೆ. ಅವರ ಹತ್ತಿರ ಕೂತು ಹೆರೋದನ ಕಥೆ ಹೇಳಿ. ಅತಿಥಿಗಳ ಮುಂದೆ ಆಣೆಯಿಟ್ಟೆನೆಂದು ಅವನು ಸ್ನಾನಿಕನಾದ ಯೋಹಾನನ ತಲೆ ತೆಗೆಸಿದ. ಆಣೆಯನ್ನು ಉಳಿಸಿಕೊಂಡದ್ದೇ ಅವನ ಪಾಪವಾಯಿತು. ಕೆಟ್ಟದ್ದಕ್ಕೆ ಕಟ್ಟುವ ಆಣೆ ದೇವರ ಮುಂದೆ ನಿಲ್ಲುವುದಿಲ್ಲ, ಆಣೆ ಮಾಡಿದ್ದಕ್ಕೆ ಕ್ಷಮೆ ಬೇಡಿ, ಹಣ ಹಿಂದಕ್ಕೆ ಕೊಟ್ಟು, ಮನಸ್ಸಿಗೆ ಸರಿ ಕಂಡವರಿಗೆ ಮತ ಹಾಕಿ ಎಂದು ಧೈರ್ಯ ತುಂಬಿ. ಯಾರಿಗೆ ಹಾಕಿದಿರಿ ಎಂದು ಹೊರಗಿನವರಿಗೆ ತಿಳಿಯುವುದಿಲ್ಲ ಎಂಬುದನ್ನೂ ವಿವರಿಸಿ. ವಿವಿಪ್ಯಾಟ್ ಯಂತ್ರದ ಕಿಂಡಿಯಲ್ಲಿ ಚೀಟಿ ಏಳು ಸೆಕೆಂಡು ಕಾಣುತ್ತದೆ, ಅದೂ ಮತ ಹಾಕಿದವರಿಗೆ ಮಾತ್ರ, ಆಮೇಲೆ ಪೆಟ್ಟಿಗೆಯೊಳಗೆ ಬೀಳುತ್ತದೆ.

ಪ್ರಸಂಗಪೀಠದಿಂದಲೇ ಯಾರಾದರೂ ಇಂಥವರಿಗೆ ಮತ ಹಾಕದಿದ್ದರೆ ದೇವರ ಕೋಪ ತಟ್ಟುತ್ತದೆ ಎಂದರೆ ನಂಬಬೇಡಿ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123ನೆಯ ಕಲಮು, ಅಭ್ಯರ್ಥಿಯಾಗಲಿ ಅವರ ಸಮ್ಮತಿಯಿಂದ ಬೇರೆಯವರಾಗಲಿ ದೈವಕೋಪದ ಹೆದರಿಕೆ ಹಾಕಿ ಮತ ಸೆಳೆಯುವುದನ್ನು ಭ್ರಷ್ಟಾಚಾರವೆಂದೇ ಎಣಿಸುತ್ತದೆ. ನಮಗೆ ಕಾನೂನಿಗಿಂತ ಹಳೆಯ ಆಜ್ಞೆಯೂ ಇದೆ, ದೇವರ ಹೆಸರನ್ನು ಅಯೋಗ್ಯ ಕಾರ್ಯಕ್ಕೆ ಎತ್ತಬಾರದೆಂದು.

ಮೋಗ್ಲಿಂಗ್, ಕಿಟ್ಟೆಲ್ ಅವರಂಥ ಮಿಷನರಿಗಳನ್ನು ನಮ್ಮ ನಾಡಿಗೆ ಕೊಟ್ಟ ಜರ್ಮನಿಯ ಸಭೆಗೆ ಆದದ್ದನ್ನು ನಮ್ಮ ಯುವಜನರು ಓದಬೇಕು. 1933ರ ಜುಲೈಯಲ್ಲಿ ಅಲ್ಲಿನ ಪ್ರಾಟೆಸ್ಟೆಂಟ್ ಸಭೆಗಳ ಒಳಚುನಾವಣೆ ನಡೆಯಿತು. ಹಿಟ್ಲರನನ್ನು ದೇವರು ಕಳಿಸಿದವನೆಂದು ಕೊಂಡಾಡುವ ಗುಂಪು ಅದರಲ್ಲಿ ಭರ್ಜರಿಯಾಗಿ ಗೆದ್ದಿತು. ಮತ ಹಾಕಿದವರು ದೀಕ್ಷಾಸ್ನಾನ ಪಡೆದವರೇ, ಕೀರ್ತನೆ ಹಾಡುವವರೇ. ಮರುವರ್ಷ ಬಾರ್ಮೆನ್‌ನಲ್ಲಿ ಸೇರಿದ ಕೆಲವರು, ಸಭೆಗೆ ಕ್ರಿಸ್ತನ ಹೊರತು ಬೇರೆ ಒಡೆಯನಿಲ್ಲ ಎಂದು ಸಾರಿದರು. ಅವರ ಪರ ನಿಂತ ಪಾದ್ರಿ ಡೀಟ್ರಿಶ್ ಬಾನ್‌ಹಾಫರ್ ಅವರನ್ನು 1945ರ ಏಪ್ರಿಲ್ 9ರಂದು ಗಲ್ಲಿಗೇರಿಸಿದರು. ಮತ ಹಾಕುವಾಗ ನಾವು ಆರಿಸುವುದು ಸೇವಕರನ್ನು. ಯಾವ ಪಕ್ಷದವರೇ ಆಗಲಿ, ನಮ್ಮಿಂದ ಆಮೆನ್ ಬಯಸಿದರೆ ಕೊಡಬೇಡಿ.

2019ರ ಏಪ್ರಿಲ್ 18 ನಿಮ್ಮಲ್ಲಿ ದೊಡ್ಡವರಿಗೆ ನೆನಪಿರಬಹುದು. ಕರಾವಳಿ, ಬೆಂಗಳೂರು, ಮೈಸೂರು ಕಡೆಯ ಹದಿನಾಲ್ಕು ಲೋಕಸಭಾ ಕ್ಷೇತ್ರಗಳಿಗೆ ಮತದಾನ. ಅಂದೇ ಪವಿತ್ರ ಗುರುವಾರ, ಶುಭ ಶುಕ್ರವಾರದ ಹಿಂದಿನ ದಿನ. ಈ ದಿನವೇ ಏಕೆ ಇಟ್ಟರೋ ಎಂದು ಬೇಸರಪಟ್ಟವರಿದ್ದರು, ಅವರ ಬೇಸರ ನನಗೆ ಅರ್ಥವಾಗುತ್ತದೆ. ಆದರೂ ಅಂದು ಹಗಲಲ್ಲಿ ಬಿಸಿಲಿಗೆ ಸಾಲು ನಿಂತು ಎಡಗೈ ಬೆರಳಿಗೆ ಮೈಸೂರಿನ ಶಾಯಿ ಹಚ್ಚಿಸಿಕೊಂಡವರು ಸಂಜೆ ಅದೇ ಕೈಗಳನ್ನು ಚಾಚಿ ಕರ್ತನ ಭೋಜನಕ್ಕೆ ಬಂದರು. ಶಿಷ್ಯರ ಕಾಲು ತೊಳೆದ ಕರ್ತನನ್ನು ನೆನೆಯುವ ದಿನ ಊರಿನ ಕೆಲಸವನ್ನೂ ಮಾಡಿ ಬಂದದ್ದರಲ್ಲಿ ನನಗೆ ಯಾವ ವಿರೋಧವೂ ಕಾಣಲಿಲ್ಲ. ಸೆರೆಯಾಗಿ ಹೋದವರಿಗೆ ಯೆರೆಮೀಯನು ಪತ್ರ ಬರೆದು, ಬಾಬೆಲಿನಂಥ ಊರಿನ ಕ್ಷೇಮವನ್ನೂ ಹಾರೈಸಿರಿ ಎಂದಿದ್ದ. ನಮ್ಮದು ನಮ್ಮ ಹುಟ್ಟೂರೇ ಅಲ್ಲವೇ.

ಫಲಿತಾಂಶ ಬಂದ ಮೇಲಿನ ಭಾನುವಾರ ಗೆದ್ದವರ ಹೆಸರೆತ್ತಿ ಪ್ರಾರ್ಥಿಸಿ. ನಿಮ್ಮ ಮತ ಅವರಿಗೆ ಬಿದ್ದಿರದಿದ್ದರೂ ಪ್ರಾರ್ಥಿಸಿ. ಅರಸರಿಗಾಗಿ ಪ್ರಾರ್ಥಿಸಬೇಕೆಂದು ತಿಮೊಥೆಯನಿಗೆ ಬರೆದ ಮೊದಲ ಪತ್ರಿಕೆ ಹೇಳುವಾಗ ಒಳ್ಳೆಯ ಅರಸರಿಗೆ ಮಾತ್ರ ಎಂದಿಲ್ಲ. ಓದಲಿಕ್ಕೋ ಕೆಲಸಕ್ಕೋ ಊರು ಬಿಟ್ಟವರು ಪಟ್ಟಿಯಲ್ಲಿ ನಿಮ್ಮ ಹೆಸರು ಎಲ್ಲಿದೆ ಎಂದು ಈಗಲೇ ನೋಡಿಕೊಳ್ಳಿ. ಹೊಸದಾಗಿ ಸೇರಿಸಲು ನಮೂನೆ 6, ವಿಳಾಸ ಬದಲಿಸಲು ನಮೂನೆ 8. ಹದಿನೇಳು ತುಂಬಿದವರು ಮುಂಚಿತವಾಗಿಯೇ ಅರ್ಜಿ ಹಾಕಬಹುದು. ಹಳ್ಳಿಯಲ್ಲಿ ಇರುವವರು ಗ್ರಾಮಸಭೆಗೂ ಹೋಗಿ. ನಮ್ಮ ಸ್ಮಶಾನದ ದಾರಿಯ ಬಗ್ಗೆ ಕೇಳಿ, ಅದಕ್ಕೂ ಮುಂಚೆ ಪಕ್ಕದ ಕೇರಿಯ ಕುಡಿಯುವ ನೀರಿನ ಬಗ್ಗೆ ಕೇಳಿ.